ಶೇಷ ಉಳಿಯದ ಸಂಖ್ಯೆ

ಬೆಳಗಾವಿಯ ಶಿವಬಸವ ನಗರದ ದೊಡ್ಡಪ್ಪನ ಮನೆಯಲ್ಲಿ ಅಡುಗೆಮನೆಯ ಬಾಗಿಲ ಮೇಲೆ ಒಂದು ಸಂಖ್ಯೆ ಇತ್ತು. ಬೇರೆಯವರ ಮನೆಗಳಲ್ಲಿ ಆ ಜಾಗದಲ್ಲಿ ಹೋದ ಹಬ್ಬದ ಮಾವಿನೆಲೆ ಒಣಗಿ ಜೋತಾಡುತ್ತಿರುತ್ತದೆ, ಇಲ್ಲವೆ ದೇವರ ಪಟ ಇರುತ್ತದೆ. ನಮ್ಮಲ್ಲಿ ಸುಣ್ಣದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ೩೬೦೩೬೦ ಎಂದು ಬರೆದಿತ್ತು. ಒಲೆಯ ಹೊಗೆ ಬಾಗಿಲಿನ ಮೇಲ್ಭಾಗ ಸವರಿಕೊಂಡೇ ಹೊರಗೆ ಬರುತ್ತಿದ್ದುದರಿಂದ ಎರಡೂ ಸೊನ್ನೆಗಳ ಹೊಟ್ಟೆ ಚಹಾದ ಬಣ್ಣಕ್ಕೆ ತಿರುಗಿತ್ತು. ಬರೆದವನು ಕಾಕಾ, ನಮ್ಮ ಅಪ್ಪನ ತಮ್ಮ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ, ಮದುವೆಯಾಗಿರಲಿಲ್ಲ, ಅಂಗಿಯ ತೋಳಿಗೆ ಯಾವಾಗಲೂ ಸುಣ್ಣದಕಡ್ಡಿಯ ಪುಡಿ ಅಂಟಿರುತ್ತಿತ್ತು. ಮನೆಗೆ ಬಂದ ಹೊಸಬರು ಅದನ್ನು ನೋಡಿ, ಇದೇನು ಟೆಲಿಫೋನ್ ನಂಬರೇನ್ರಿ ಎಂದು ಕೇಳಿದರೆ ಅವನಿಗೆ ಹಿಗ್ಗು.

“ಅದು ನಮ್ಮ ಪಂಕ್ತಿ ನಂಬರ್ ರೀ. ಒಬ್ರಿಂದ ಹಿಡದು ಹದಿನೈದು ಮಂದಿ ತನಕ ಎಷ್ಟ ಮಂದಿ ಕುಂತ್ರೂ ಸರಿಯಾಗಿ ಹಂಚತೈತಿ. ಶೇಷ ಉಳಿಯಂಗಿಲ್ಲ. ಇದಕ್ಕಿಂತ ಸಣ್ಣ ಸಂಖ್ಯಾಕ್ಕ ಆ ಗುಣ ಇಲ್ಲ. ಬೇಕಾದ್ರ ಭಾಗಿಸಿ ನೋಡ್ರಿ.”

ಬಂದವರು ನೋಡುತ್ತಿರಲಿಲ್ಲ, ಚಹಾ ಕುಡಿದು ಹೋಗುತ್ತಿದ್ದರು. ಭಾಗಿಸಿ ನೋಡಿದವಳು ನಾನು.

ನನಗೆ ಆಗ ಹತ್ತು ವರ್ಷ. ಅಲ್ಲಿಯತನಕ ನನ್ನ ಪ್ರಪಂಚವೆಂದರೆ ಗುಂಜಿ. ಅಪ್ಪ ಅಲ್ಲಿಯ ಪ್ರಾಥಮಿಕ ಶಾಲೆಯ ಮಾಸ್ತರ. ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ, ಹಿತ್ತಲು ದಾಟಿದರೆ ಅಡವಿ. ಓರಗೆಯ ಮಕ್ಕಳ ಜೊತೆ ಮರಾಠಿ, ಮನೆಯಲ್ಲಿ ಕನ್ನಡ. ಅಪ್ಪ, ಅವ್ವ, ನಾನು, ಇಬ್ಬರು ತಮ್ಮಂದಿರು, ಐದೇ ಮಂದಿ. ಅವ್ವ ರೊಟ್ಟಿಯನ್ನು ಎಣಿಸಿ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಹುಡುಗಿಗೆ ಇಂಗ್ಲಿಷ್ ಬರಬೇಕು ಎಂಬುದು ಅಪ್ಪನ ಹಟ. ಒಂದು ಜೂನ್ ತಿಂಗಳಲ್ಲಿ ತಗಡಿನ ಟ್ರಂಕು ಹಿಡಿದು ನನ್ನನ್ನು ರೈಲು ಹತ್ತಿಸಿದ. ಖಾನಾಪುರದಲ್ಲಿ ಗಾಡಿ ನಿಂತಾಗ ಇಳಿದು ಬಿಸ್ಕೀಟು ಕೊಡಿಸಿದ. ಆ ಪುಡಿಕೆಯನ್ನು ಬೆಳಗಾವಿಯತನಕ ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಕಾನ್ವೆಂಟಿನ ಸಿಸ್ಟರು ನನ್ನ ಹೆಸರು ನೀಲವ್ವ ಎಂದಿದ್ದುದನ್ನು ನೀಲಾ ಎಂದು ಬರೆದುಕೊಂಡರು. ಅಪ್ಪ ಸಂಜೆಯ ಗಾಡಿಗೆ ಹೋಗಿಬಿಟ್ಟ. ಬಿಸ್ಕೀಟುಗಳನ್ನು ದೊಡ್ಡಪ್ಪನ ಮಕ್ಕಳು ಹಂಚಿಕೊಂಡರು, ಒಂದೂ ಹೆಚ್ಚುಕಡಿಮೆಯಾಗದ ಹಾಗೆ.

ಹಂಚಿಕೊಳ್ಳುವುದು ಆ ಮನೆಯ ಧರ್ಮ. ಅಜ್ಜ, ಅವನ ತಂಗಿ ಹಲ್ಲಿಲ್ಲದ ಆಯಿ, ದೊಡ್ಡಪ್ಪ, ಅವನ ಐದು ಮಕ್ಕಳು, ಕಾಕಾ, ಜೊತೆಗೆ ಕಾಲೇಜು ಕಲಿಯಲು ಹಳ್ಳಿಗಳಿಂದ ಬಂದು ಇದ್ದ ಆರು ಮಂದಿ ಬಂಧುಬಳಗದ ಹುಡುಗರು. ಅಜ್ಜನ ಲಿಂಗಪೂಜೆ ಮುಗಿದು ಹಣೆಗೆ ವಿಭೂತಿ ಬಿದ್ದ ಮೇಲೆ ಪಡಸಾಲೆಯಲ್ಲಿ ಎರಡು ಸಾಲಾಗಿ ಎಲ್ಲರೂ ಕುಳಿತುಕೊಳ್ಳಬೇಕು. ಹದಿನೈದು ಸ್ಟೀಲಿನ ತಾಟು. ಒಂದೊಂದರ ಅಂಚಿಗೂ ಒಬ್ಬೊಬ್ಬರ ಹೆಸರು ಕೊರೆಸಿತ್ತು, ಅದಲು ಬದಲಾದರೆ ಜಗಳವೇ ಆಗುತ್ತಿತ್ತು. ಪೇರಲ ಹಣ್ಣು ಬರಲಿ, ಹುರಿದ ಶೇಂಗಾ ಬರಲಿ, ಕಾಕಾನ ಮುಂದೆ ಸುರಿಯಬೇಕು. ಅವನು ಎಣಿಸಿ, ಭಾಗಿಸಿ, ಉಳಿದದ್ದನ್ನು ಚಾಕುವಿನಿಂದ ಹೋಳು ಮಾಡಿ ಹಂಚುತ್ತಿದ್ದ. ದೊಡ್ಡವ್ವ ಬಿಸಿ ರೊಟ್ಟಿ ಬಡಿದು ಬಡಿದು ಒಳಗಿನಿಂದ ತಂದು ನೀಡುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ನಿಂತಿತೆಂದರೆ ಅವಳು ಬಾಗಿಲಲ್ಲಿ ಬಂದಳೆಂದೇ ಅರ್ಥ. ಹಿಟ್ಟಿನ ಕೈ, ಬೆವರಿಗೆ ಕಲೆಸಿಹೋದ ವಿಭೂತಿ, ಸೆರಗಿನ ತುದಿಗೆ ಒಂದು ಸುಟ್ಟ ತೂತು. ಬಂದ ದಿನ ಅವಳು ನನ್ನ ಮುಂದೆ ಒಂದು ಹಿತ್ತಾಳೆಯ ಗಂಗಾಳ ಇಟ್ಟಳು. ಹಳೆಯದು, ಒಳಗಿನ ಕಲಾಯಿ ಅಲ್ಲಲ್ಲಿ ಎದ್ದಿತ್ತು. ಎಲ್ಲರ ತಾಟಿಗೂ ಹೆಸರಿತ್ತು. ನಾನು ನನ್ನದರ ಅಂಚಿನ ಸುತ್ತ ಬೆರಳಾಡಿಸಿ ನೋಡಿದೆ. ಏನೂ ಸಿಗಲಿಲ್ಲ.

ಕಾಕಾ ಮಾತ್ರ ನನ್ನನ್ನು ಹಚ್ಚಿಕೊಂಡ. ಶಾಲೆಯಲ್ಲಿ ಸಿಸ್ಟರು ಎಲ್‌ಸಿಎಂ ಎಂದು ಹೇಳಿಕೊಟ್ಟದ್ದನ್ನೇ ಅಪ್ಪ ಗುಂಜಿಯಲ್ಲಿ ದೊಡ್ಡ ತರಗತಿಗೆ ಲಸಾಅ ಎಂದು ಕಲಿಸುತ್ತಿದ್ದುದನ್ನು ನಾನು ಕೇಳಿದ್ದೆ. ಅದನ್ನು ಹೇಳಿದ್ದಕ್ಕೆ ಕಾಕಾ ಖುಷಿಯಾಗಿ, ಬಾಗಿಲ ಮೇಲಿನ ಸಂಖ್ಯೆ ಹೇಗೆ ಹುಟ್ಟಿತು ಎಂದು ಪಡಸಾಲೆಯ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಬರೆದು ತೋರಿಸಿದ. ಅವನು ಅಂಕಿಗಳನ್ನು ಊಟಕ್ಕೆ ಕರೆಯುವ ಹಾಗೆ ಕರೆಯುತ್ತಿದ್ದ.

“ಇಬ್ರು ಬಂದ್ರು, ಒಂದ ಎರಡು ಬೇಕಾತು. ಮೂವರು ಬಂದ್ರು, ಒಂದ ಮೂರು. ನಾಕಕ್ಕ? ಎರಡು ಆಗಲೇ ಒಂದ ಐತಿ, ಇನ್ನೊಂದ ಎರಡು ತಾ. ಐದಕ್ಕ ಐದು. ಆರಕ್ಕ ಏನೂ ಬ್ಯಾಡ, ಯಾಕ ಹೇಳು?”

“ಎರಡು ಮೂರು ಮೊದಲ ಕುಂತಾವಲ್ಲ ಕಾಕಾ.”

“ಭಲೇ! ಏಳಕ್ಕ ಏಳು. ಎಂಟಕ್ಕ ಮತ್ತೊಂದ ಎರಡು. ಒಂಬತ್ತಕ್ಕ ಮತ್ತೊಂದ ಮೂರು. ಹತ್ತು ಪುಕ್ಕಟ. ಹನ್ನೊಂದು ಮಾತ್ರ ಭಾಳ ಬಿಗುವಿನ ಮನುಷ್ಯಾ, ತನ್ನನ್ನ ಇಡಿಯಾಗಿ ಕರೀಬೇಕಂತಾನ. ಹನ್ನೆರಡು ಪುಕ್ಕಟ. ಹದಿಮೂರೂ ಬಿಗುವಿನಾಂವ, ಅವನ್ನೂ ಇಡಿಯಾಗಿ ಕರಿ. ಆಮ್ಯಾಲ ಹದಿನಾಕು, ಹದಿನೈದು ಎರಡೂ ಪುಕ್ಕಟ. ಇಷ್ಟನ್ನೂ ಗುಣಿಸು.”

ಗುಣಿಸಿದೆ. ಸಣ್ಣವೆಲ್ಲ ಸೇರಿ ಮುನ್ನೂರ ಅರವತ್ತು. ಏಳು, ಹನ್ನೊಂದು, ಹದಿಮೂರು, ಈ ಮೂರು ಬಿಗುವಿನವರು ಸೇರಿ ಸಾವಿರದ ಒಂದು. ಸಾವಿರದ ಒಂದರಿಂದ ಗುಣಿಸಿದ್ದಕ್ಕೇ ಮುನ್ನೂರ ಅರವತ್ತು ಕನ್ನಡಿಯ ಮುಂದೆ ನಿಂತ ಹಾಗೆ ಎರಡು ಸಲ ಬಂದಿತ್ತು, ೩೬೦, ಮತ್ತೆ ೩೬೦. ಅದನ್ನು ಕಂಡು ನನ್ನ ಮೈ ಜುಮ್ಮೆಂದಿತು. ಆ ವಾರವೆಲ್ಲ ಮನಸ್ಸಿಗೆ ಬೇಸರವಾದಾಗ ಬಾಗಿಲ ಮೇಲಿನ ಸಂಖ್ಯೆಯನ್ನು ನೋಡುತ್ತ ಕುಳಿತಿರುತ್ತಿದ್ದೆ. ಗುಂಜಿಯ ಐದು ಮಂದಿಯೂ ಅದರೊಳಗೆ ಇದ್ದಾರೆ ಎನ್ನಿಸುತ್ತಿತ್ತು.

ಆ ಖುಷಿಯನ್ನು ಕೆಡಿಸಿದವಳು ಶಶಿ. ದೊಡ್ಡಪ್ಪನ ಮೂರನೆಯ ಮಗಳು, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಹಾಸಿಗೆಯಲ್ಲಿ ನನಗೆ ಅರ್ಧ ಜಾಗ ಬಿಡಬೇಕಾಗಿ ಬಂದದ್ದಕ್ಕೆ ಸಿಟ್ಟಾಗಿದ್ದಳು. ಒಂದು ಮಧ್ಯಾಹ್ನ ಪಾಟಿ ತಂದು ನನ್ನ ತೊಡೆಯ ಮೇಲೆ ಇಟ್ಟಳು.

“ಹದಿನಾರಲೆ ಭಾಗಿಸು ನೋಡೂಣು.”

“ಯಾಕ?”

“ಯಾಕಂದ್ರ, ನೀ ಬರೂಕಿಂತ ಮೊದಲ ನಾವು ಹದಿನೈದು ಇದ್ವಿ.”

ಭಾಗಿಸಿದೆ. ಇಪ್ಪತ್ತೆರಡು ಸಾವಿರದ ಐನೂರ ಇಪ್ಪತ್ತೆರಡು ಬಂತು, ಶೇಷ ಎಂಟು. ಒರೆಸಿ ಇನ್ನೊಮ್ಮೆ ಮಾಡಿದೆ. ಮತ್ತೆ ಎಂಟು. ಶಶಿ ಪಾಟಿಯ ಮೇಲೆ ಬಗ್ಗಿ, ಎಂಟರ ಸುತ್ತ ನಿಧಾನವಾಗಿ ಒಂದು ದುಂಡು ಹಾಕಿದಳು.

“ಶೇಷವ್ವ! ಏ, ಬರ್ರಿ ಇಲ್ಲೆ, ನಮ್ಮ ಮನಿಗೆ ಶೇಷವ್ವ ಬಂದಾಳ!”

ಹೆಸರು ಅಂಟಿಕೊಂಡಿತು. ನೀರು ತರಲು, ಚಾಪೆ ಹಾಸಲು, ಎಲ್ಲದಕ್ಕೂ ಶೇಷವ್ವ. ಮಕ್ಕಳ ಕುಚೋದ್ಯ, ಅಷ್ಟೇ. ಆದರೆ ಊಟಕ್ಕೆ ಕುಳಿತಾಗ ಹೆಸರಿಲ್ಲದ ಆ ಗಂಗಾಳ ಎದುರಿಗೆ ಬಂದರೆ ಪಾಟಿಯ ಮೇಲಿನ ಎಂಟೇ ಕಣ್ಣಿಗೆ ಕಟ್ಟುತ್ತಿತ್ತು. ಇಷ್ಟು ದಿನ ಶೇಷ ಉಳಿಯದ ಮನೆಗೆ ನಾನು ಬಂದು ಶೇಷ ಉಳಿಸಿದ್ದೆ. ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದೆ. ದೊಡ್ಡವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಶಾಲೆಯಿಂದ ಬರುವ ದಾರಿಯಲ್ಲಿ ನಾನು ಅಪ್ಪನಿಗೆ ಒಂದು ಕಾರ್ಡು ಬರೆದು ಡಬ್ಬಿಗೆ ಹಾಕಿದೆ. ‘ಅಪ್ಪಾ, ಇಲ್ಲಿ ನಾನು ಶೇಷ. ಬಂದು ಕರೆದುಕೊಂಡು ಹೋಗು.’ ಅಷ್ಟೇ ಬರೆದಿದ್ದೆ. ಅಪ್ಪನಿಗೆ ಅಷ್ಟು ಸಾಕು ಎಂದು ಗೊತ್ತಿತ್ತು.

ಕಾರ್ಡು ಹೋದ ಎರಡು ದಿನಕ್ಕೆ ಶೇಷವ್ವ ಎಂಬ ಹೆಸರು ಕಾಕಾನ ಕಿವಿಗೆ ಬಿತ್ತು. ಅವನು ಶಶಿಯನ್ನು ಬೈಯಲಿಲ್ಲ. ಪಾಟಿ ತರಿಸಿ, ದುಂಡು ಹಾಕಿದ್ದ ಎಂಟನ್ನು ನೋಡಿ ನಕ್ಕ.

“ಹದಿನಾರು ಅಂದ್ರ ಎರಡು ನಾಕ ಸಲ. ನಮ್ಮ ಸಂಖ್ಯಾದಾಗ ಎರಡು ಮೂರ ಸಲ ಐತಿ. ಈ ಹುಡುಗಿಗೆ ಕಮ್ಮಿ ಬಿದ್ದದ್ದು ಒಂದ ಎರಡು. ಅಷ್ಟಕ್ಕ ಅಳತಾರೇನ?”

ಸ್ಟೂಲು ತಂದ. ಹಳೆಯ ಅಂಕಿಗಳ ಮೇಲೆ ಸುಣ್ಣ ಬಳಿದು, ಒಣಗುವತನಕ ಬೀಡಿ ಸೇದಿ, ೭೨೦೭೨೦ ಎಂದು ಬರೆದ. ಅಜ್ಜ ಪಡಸಾಲೆಯಿಂದ ಕೇಳಿದ.

“ಏನಪಾ ಮಾಸ್ತರಾ, ಒಂದ ಹುಡುಗಿ ಬಂದದ್ದಕ್ಕ ಮನಿ ದುಪ್ಪಟ್ಟ ಮಾಡಿದೇನ?”

“ಹೌದ್ರಿ ಅಪ್ಪಾ. ದುಪ್ಪಟ್ಟ ಆತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಊಟಕ್ಕೆ ಕುಳಿತಾಗ ಎದುರಿಗೆ ಅದೇ ಗಂಗಾಳ. ಕಾರ್ಡು ಗುಂಜಿ ಮುಟ್ಟಿರಬಹುದೇ ಎಂದು ಲೆಕ್ಕ ಹಾಕುತ್ತಿದ್ದೆ. ಟ್ರಂಕಿಗೆ ಬಟ್ಟೆ ಮಡಚಿ ಇಟ್ಟಾಗಿತ್ತು.

ಆ ರವಿವಾರ ಶ್ರಾವಣದ ಹೋಳಿಗೆ. ಬೆಳಗಿನಿಂದ ಜಿಟಿಜಿಟಿ ಮಳೆ, ಮನೆ ತುಂಬ ಬೆಂದ ಬೇಳೆ, ಬೆಲ್ಲ, ಏಲಕ್ಕಿಯ ವಾಸನೆ. ಹಂಚುವ ಮಾನವನ್ನು ಕಾಕಾ ನನಗೆ ಬಿಟ್ಟುಕೊಟ್ಟ. ಹೊಸ ಸಂಖ್ಯೆ ನಿನ್ನ ಸಲುವಾಗಿ ಬಂದದ್ದು, ನೀನೇ ಹಂಚು ಎಂದ. ಉಳಿದ ಹದಿನೈದು ಮಂದಿ ನನ್ನ ಕೈಯನ್ನೇ ನೋಡುತ್ತಿದ್ದರು. ಬುಟ್ಟಿಯಲ್ಲಿ ನಲವತ್ತೆಂಟು ಹೋಳಿಗೆ. ಮೂರು ಮೂರು. ಕೊನೆಯ ಮೂರನ್ನು ನನ್ನ ಗಂಗಾಳಕ್ಕೆ ಹಾಕಿಕೊಂಡಾಗ ಬುಟ್ಟಿಯ ತಳದಲ್ಲಿ ಬಿಳಿಯ ಬಟ್ಟೆ ಮಾತ್ರ ಉಳಿದಿತ್ತು. ಕಾಕಾ ಚಪ್ಪಾಳೆ ತಟ್ಟಿದ. ಶಶಿಯೂ ತಟ್ಟಿದಳು, ಸ್ವಲ್ಪ ತಡವಾಗಿ. ಅಷ್ಟರಲ್ಲಿ ಹಲ್ಲಿಲ್ಲದ ಆಯಿ ಕಟ್ಟಿನ ಸಾರು ಬೇಕೆಂದಳು. ನಾನು ಗಂಗಾಳವನ್ನೇ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಇಟ್ಟು ಹೋದರೆ ಹುಡುಗರು ಹೋಳಿಗೆಗೆ ಕೈಹಾಕುತ್ತಾರೆ ಎಂಬ ಅಂಜಿಕೆ.

ದೊಡ್ಡವ್ವ ಒಲೆಗೆ ಮುಖಮಾಡಿ ಕುಳಿತಿದ್ದಳು. ಬೋಗುಣಿಯ ಮುಚ್ಚಳವನ್ನು ಮಗುಚಿ ಅದರಲ್ಲಿ ಸಾರು ಹಾಕಿಕೊಂಡು ನಿನ್ನೆಯ ರೊಟ್ಟಿ ಅದ್ದಿ ತಿನ್ನುತ್ತಿದ್ದಳು. ಅವಳು ಕುಳಿತು ತಿನ್ನುವುದನ್ನು ನಾನು ಮೊದಲ ಸಲ ನೋಡಿದ್ದು ಅದು.

“ದೊಡ್ಡವ್ವಾ, ನಿನ್ನ ಹೋಳಿಗಿ?”

“ನೀವು ಉಣ್ರಿ, ಉಳದ್ರ ತಿಂತೀನಿ.”

“ಉಳದಿಲ್ಲ. ನಾನ ಹಂಚೇನಿ. ಶೇಷ ಇಲ್ಲ.”

“ಛಲೋ ಆತಲ್ಲ ಮತ್ತ! ಹುಡುಗಿ ಹಂಚತೈತಿ, ಉಳದು ತಪ್ಪಾಗಬಾರದಂತ ನಾನ ಎಣಿಸಿ ಮಾಡೇನಿ. ಹದಿನಾರ ಮೂರಲೆ ನಲವತ್ತೆಂಟು.”

“ನಿನ್ನ ಯಾಕ ಎಣಿಸಲಿಲ್ಲ?”

ಅವಳು ನಕ್ಕಳು. ನಿಜವಾಗಿಯೂ ನಗೆಮಾತು ಕೇಳಿದವಳ ಹಾಗೆ ನಕ್ಕಳು.

“ಹಿಟ್ಟು ಅಳಿಯಾಕಿ ತನ್ನ ಕೈನೂ ಅಳೀತಾಳೇನವಾ?”

“ನಿನ್ನ ತಾಟು ಎಲ್ಲೈತಿ?”

ಅವಳ ಕಣ್ಣು ಒಮ್ಮೆ ನನ್ನ ಕೈಯಲ್ಲಿದ್ದ ಗಂಗಾಳದ ಕಡೆಗೆ ಬಂದು ತಟ್ಟನೆ ಒಲೆಯ ಕಡೆ ತಿರುಗಿತು. ನಾನು ಹೋಳಿಗೆಯನ್ನು ಅಲ್ಲಿದ್ದ ರೊಟ್ಟಿಯ ಬುಟ್ಟಿಯ ಮೇಲಿಟ್ಟು ಗಂಗಾಳವನ್ನು ಮಗುಚಿದೆ. ಹೆಸರು ಅಂಚಿನಲ್ಲಿರಲಿಲ್ಲ, ತಳದಲ್ಲಿತ್ತು. ಮೊಳೆಯಿಂದ ಬಡಿದ ಚುಕ್ಕಿಗಳು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ತಿಕ್ಕಿ ಅರ್ಧ ಮಾಸಿದ್ದವು. ಬಾಳವ್ವ. ಅದು ದೊಡ್ಡವ್ವನ ಹೆಸರು ಎಂದು ನನಗೆ ಗೊತ್ತಿತ್ತು, ಆದರೆ ಆ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದು ಕೇಳಿರಲಿಲ್ಲ.

“ತವರಿನ್ಯಾರು ಕೊಟ್ಟಿದ್ದು” ಎಂದಳು. “ಸಣ್ಣ ಕೂಸು ಊರು ಬಿಟ್ಟು ಬಂದೈತಿ, ಮುಚ್ಚಳದಾಗ ಹೆಂಗ ನೀಡಲಿ? ನನಗೇನು, ಮುಚ್ಚಳದಾಗ ಉಂಡ್ರ ಹೊಟ್ಟಿ ತುಂಬಂಗಿಲ್ಲೇನ?”

ನಾನು ಸಾರು ಒಯ್ಯುವುದನ್ನು ಮರೆತು, ಹೋಳಿಗೆಯನ್ನು ಗಂಗಾಳಕ್ಕೆ ಮರಳಿ ಹಾಕಿಕೊಂಡು ಪಡಸಾಲೆಗೆ ಬಂದೆ.

“ಕಾಕಾ, ನಾವು ಹದಿನೇಳು ಮಂದಿ.”

ಕಾಕಾ ಬೆರಳು ಆಡಿಸಿ ತಾಟುಗಳನ್ನು ಎಣಿಸಿದ. “ಹದಿನಾರ ಅದಾವಲ್ಲ.”

“ದೊಡ್ಡವ್ವ.”

ಅಜ್ಜನ ಕೈ ತಾಟಿನ ಮೇಲೆ ನಿಂತಿತು. ದೊಡ್ಡಪ್ಪ ಬಾಯಲ್ಲಿದ್ದುದನ್ನು ಅಗಿಯದೆ ಹಾಗೇ ಕುಳಿತ. ಕಾಕಾ ತಲೆಯೆತ್ತಿ ಬಾಗಿಲ ಮೇಲಿನ ಸಂಖ್ಯೆಯನ್ನು ನೋಡಿದ. ಅವನ ತುಟಿ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು, ಭಾಗಿಸುತ್ತಿದ್ದ.

“ಶೇಷ ಐದು” ಎಂದ ಮೆಲ್ಲಗೆ. “ಹದಿನೇಳು ಬಿಗುವಿನ ಅಂಕಿ. ಒಂದ ಎರಡು ತಂದು ಕುಂದ್ರಸಾಕ ಬರಂಗಿಲ್ಲ. ಇಡಿಯಾಗಿ ಕರೀಬೇಕು.” ಆಮೇಲೆ ಇನ್ನೂ ಮೆಲ್ಲಗೆ ಹೇಳಿದ, “ನಾ ತಾಟ ಎಣಿಸಿದ್ದೆ. ಇಷ್ಟ ವರ್ಷ ನಾ ತಾಟ ಎಣಿಸೀನಿ.”

ಅಷ್ಟರಲ್ಲಿ ಕಟ್ಟೆಯ ಮೇಲೆ ಕೊಡೆ ಕೊಡವಿದ ಸದ್ದಾಯಿತು. ಅಪ್ಪ. ಗಾಡಿ ಇಳಿದು ಮಳೆಯಲ್ಲೇ ನಡೆದು ಬಂದಿದ್ದ, ಧೋತರದ ಅಂಚು ಕೆಂಪು ಕೆಸರಾಗಿತ್ತು, ಅಂಗಿಯ ಕಿಸೆಯಲ್ಲಿ ನನ್ನ ಕಾರ್ಡಿನ ಮೂಲೆ ಇಣುಕುತ್ತಿತ್ತು.

“ಏನಿದು, ಎಲ್ಲಾರೂ ಹಿಂಗ ಕುಂತೀರಿ? ಯಾರ ಲೆಕ್ಕ ತಪ್ಪೈತಿ?”

“ಕಾಕಾಂದು!” ಎಂದಳು ಶಶಿ. “ಈಗ ನೀವು ಬಂದು ಹದಿನೆಂಟು ಮಾಡಿದ್ರಿ!”

ಕಾಕಾ ನಕ್ಕುಬಿಟ್ಟ, ಕಣ್ಣು ಮಾತ್ರ ಒದ್ದೆಯಾಗಿದ್ದವು. “ಬಾ ಅಣ್ಣಾ, ಕುಂದ್ರು. ನಿನಗೇನೂ ಬ್ಯಾಡ. ಹದಿನೆಂಟು ಅಂದ್ರ ಎರಡ ಒಂಬತ್ತಲೆ, ಅವೆರಡೂ ಮೊದಲ ಅದಾವು. ನೀ ಪುಕ್ಕಟ. ವೈನಿನ್ನ ಕರ್ಯೂದ ಬಾಕಿ ಐತಿ.” ಅಡುಗೆಮನೆಯ ಕಡೆ ತಿರುಗಿ ಅತ್ತಿಗೆಯನ್ನು ಕೂಗಿದ. “ವೈನೀ, ಹೊರಗ ಬರ್ರಿ.”

“ನಂದ ಊಟ ಆತ್ರೀ ಮಾಸ್ತರ, ಹಂಚ ಮ್ಯಾಲ ರೊಟ್ಟಿ ಐತಿ.”

ಅಜ್ಜ ಗಂಟಲು ಸರಿಪಡಿಸಿಕೊಂಡ. ಆ ಮನೆಯಲ್ಲಿ ಅವನು ಸೊಸೆಯ ಜೊತೆ ನೇರವಾಗಿ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

“ಬಾಳವ್ವಾ. ಬಾ, ಕುಂದ್ರು.”

ಅವಳು ಬಂದಳು. ಸೆರಗಿನಿಂದ ಕೈ ಒರೆಸುತ್ತ, ಅಪರಾಧ ಮಾಡಿದವಳ ಹಾಗೆ, ಸಾಲಿನ ಕೊನೆಗೆ ನನ್ನ ಪಕ್ಕ ಕುಳಿತಳು. ಗಂಗಾಳವನ್ನು ಇಬ್ಬರ ನಡುವೆ ಇಟ್ಟೆ. ಅಪ್ಪನಿಗೆ ಒಂದು ಬಾಳೆಲೆ ಬಂತು. ಎಲ್ಲರೂ ತಮ್ಮ ತಾಟಿನಿಂದ ಹೋಳಿಗೆಗಳನ್ನು ಬುಟ್ಟಿಗೆ ಮರಳಿ ಹಾಕಿದರು. ಒಬ್ಬ ಕಾಲೇಜು ಹುಡುಗ ಅರ್ಧ ತಿಂದದ್ದನ್ನೂ ಹಾಕಲು ಬಂದು ಬೈಸಿಕೊಂಡ, ಅದು ಅವನ ಪಾಲಿಗೇ ಹೋಯಿತು. ಹದಿನೆಂಟು ಮಂದಿಗೆ ಎರಡೆರಡು ಇಡಿಯಾಗಿ ಕೊಟ್ಟು, ಉಳಿದ ಹನ್ನೆರಡನ್ನು ಕಾಕಾ ಮೂರು ಮೂರು ಹೋಳು ಮಾಡಿದ. ಮೂವತ್ತಾರು ಹೋಳು, ಮತ್ತೆ ಎರಡೆರಡು. ಶೇಷ ಉಳಿಯಲಿಲ್ಲ. ಆದರೆ ದೊಡ್ಡವ್ವನಿಗೆ ಕುಳಿತು ಉಣ್ಣಲು ಬರುತ್ತಿರಲಿಲ್ಲ. ಅವಳ ಕಣ್ಣು ಉಳಿದವರ ತಾಟುಗಳ ಮೇಲೆಯೇ ಓಡಾಡುತ್ತಿದ್ದವು. ಎರಡು ಸಲ ಎದ್ದಳು, ಒಮ್ಮೆ ಆಯಿಗೆ ಸಾರು ತರಲು, ಒಮ್ಮೆ ತುಪ್ಪಕ್ಕೆ. ಎರಡು ಸಲವೂ ಅಪ್ಪ ಮೆಲ್ಲಗೆ, “ವೈನೀ, ಕುಂದರ್ರಿ” ಎಂದ.

ಊಟವಾದ ಮೇಲೆ ಕಾಕಾ ಹೊಸ ಸಂಖ್ಯೆ ಬರೆದ. ೧೨೨೫೨೨೪೦. ಒಂದು ಕೋಟಿ ಇಪ್ಪತ್ತೆರಡು ಲಕ್ಷ ಐವತ್ತೆರಡು ಸಾವಿರದ ಇನ್ನೂರ ನಲವತ್ತು. ದೊಡ್ಡವ್ವ ಒಬ್ಬಳು ಸೇರಿದ್ದಕ್ಕೆ ಲಕ್ಷದಲ್ಲಿದ್ದದ್ದು ಕೋಟಿಗೆ ಹೋಗಿತ್ತು. ಬಾಗಿಲ ಮೇಲೆ ಅಷ್ಟು ಅಂಕಿಗಳಿಗೆ ಜಾಗ ಇರಲಿಲ್ಲ, ಕೊನೆಯ ಸೊನ್ನೆಯನ್ನು ಚೌಕಟ್ಟಿನ ಕಟ್ಟಿಗೆಯ ಮೇಲೆ ಬರೆಯಬೇಕಾಯಿತು. ಅಪ್ಪ ನನ್ನನ್ನು ಕಟ್ಟೆಗೆ ಕರೆದು ಕಾರ್ಡು ತೆಗೆದ.

“ನೀಲಾ, ಸಂಜಿ ಗಾಡಿಗೆ ಹೋಗೂಣೇನ?”

ಟ್ರಂಕು ಒಳಗೆ ತಯಾರಿತ್ತು. ಗುಂಜಿಯ ಹಿತ್ತಲು, ತಮ್ಮಂದಿರು, ಅವ್ವನ ಸೀರೆಯ ವಾಸನೆ, ಎಲ್ಲ ಒಮ್ಮೆಲೆ ನೆನಪಾಯಿತು. ಒಳಗೆ ದೊಡ್ಡವ್ವ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ನಾನು ಹೋದರೆ ಅವಳಿಗೆ ಗಂಗಾಳ ಮರಳಿ ಸಿಗುತ್ತದೆ ಎಂದು ಮೊದಲು ಅನ್ನಿಸಿತು. ಆಮೇಲೆ ಅನ್ನಿಸಿತು, ಸಿಕ್ಕರೂ ಅವಳು ಅದರಲ್ಲಿ ಉಣ್ಣುವುದಿಲ್ಲ, ಮುಂದೆ ಬರುವವರಿಗೆ ಇಡುತ್ತಾಳೆ.

“ದೀಪಾವಳಿಗೆ ಬಾ ಅಪ್ಪಾ” ಎಂದೆ.

ಮರುದಿನ ಊಟದ ಹೊತ್ತಿಗೆ ದೊಡ್ಡವ್ವ ಹೊರಗೆ ಬರಲಿಲ್ಲ. ಕಾಕಾ ಕರೆದ, ಅವಳು ಒಳಗಿನಿಂದಲೇ ಹೇಳಿದಳು, “ನಾ ಕುಂತ್ರ ಬಿಸಿ ರೊಟ್ಟಿ ಯಾರು ಬಡೀತಾರ್ರೀ?” ಗೋಡೆಯ ಮೇಲಿನ ಸಂಖ್ಯೆ ಬದಲಾಗಿತ್ತು, ಒಲೆ ಇದ್ದಲ್ಲೇ ಇತ್ತು. ನಾನು ಗಂಗಾಳ ಎತ್ತಿಕೊಂಡು ಒಳಗೆ ನಡೆದೆ, ಬೋಗುಣಿಯ ಮುಚ್ಚಳವನ್ನು ಅವಳ ಕೈಯಿಂದ ತೆಗೆದು ಬೋಗುಣಿಗೆ ಮುಚ್ಚಿದೆ. ಹೊರಗೆ ಶಶಿಯ ದನಿ ಕೇಳಿಸಿತು.

“ಕಾಕಾ, ನಾವು ಮತ್ತ ಹದಿನೈದ ಆದ್ವಿ ನೋಡು.”

ಕಾಕಾ ಸಂಖ್ಯೆಯನ್ನು ಅಳಿಸಲಿಲ್ಲ.

ಆರು ವರ್ಷ, ಶಾಲೆ ಮುಗಿಯುವತನಕ, ನಾನು ಅಡುಗೆಮನೆಯಲ್ಲೇ ಉಂಡೆ. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ ದೊಡ್ಡವ್ವ ಕೆಂಡ ಹಿಂದಕ್ಕೆ ಸರಿಸಿ, ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದಳು. ಶೇಂಗಾ ಚಟ್ನಿಯ ಮೇಲೆ ಅವಳು ಬೆರಳಿನಿಂದ ಕುಳಿ ಮಾಡಿ ಎಣ್ಣೆ ಬಿಡುವುದು, ತನ್ನ ತವರಿನ ಹೊಳೆಯ ಮಾತು, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಪಾಠವನ್ನು ನಾನು ಓದಿದರೆ ಏನೂ ತಿಳಿಯದೆ ಹೂಂಗುಟ್ಟುವುದು. ಬಡಿಸುವ ಕೈ ನನ್ನದಾಗಿ ಈಗ ಎಷ್ಟೋ ವರ್ಷವಾಯಿತು. ಊಟದ ಮೇಜಿನ ಮೇಲೆ ಗಾಜಿನ ತಟ್ಟೆಗಳಿವೆ, ನಾವಿರುವುದು ಮೂರೇ ಮಂದಿ, ಯಾವ ಸಂಖ್ಯೆಯೂ ಸಾಕು. ಗಂಗಾಳ ನನ್ನ ಬಳಿಯಿದೆ. ಚುಕ್ಕಿಗಳು ಅಳಿಸಿಹೋಗುತ್ತವೆಂದು ತಳ ತಿಕ್ಕುವುದಿಲ್ಲ.

ಶೇಷ ಉಳಿಯದ ಸಂಖ್ಯೆಯನ್ನು ಬಾಗಿಲ ಮೇಲೆ ಹೊತ್ತ ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಭಾಗಾಕಾರ ಬರುತ್ತಿರಲಿಲ್ಲ. ಕೊನೆಯ ರೊಟ್ಟಿಯನ್ನು ದೊಡ್ಡವ್ವ ಇಬ್ಬರಿಗೂ ಸರಿಯಾಗಿ ಎಂದು ಮುರಿಯುತ್ತಿದ್ದಳು. ಆರು ವರ್ಷದಲ್ಲಿ ಒಂದು ದಿನವೂ ಎರಡು ಹೋಳು ಒಂದೇ ಅಳತೆಗೆ ಬರಲಿಲ್ಲ. ದೊಡ್ಡದು ಯಾವಾಗಲೂ ನನ್ನ ಕಡೆಗೆ ಬರುತ್ತಿತ್ತು.